ಅಮ್ಮನ ಮುದ್ದಿನ ಮಗ

(ಪತ್ರಿಕಾ ಕಚೇರಿ. ಹಿಚ್‌ಕಾಕ್‌ನ ‘ಸೈಕೋ’ (1960) ನೋಡಿ ಬಂದ ವಿಮರ್ಶಕ. ನೋಡದೆಯೇ ಸ್ಟಾರ್ ಕೊಡಬಲ್ಲ ಸಂಪಾದಕರು.)

ಸಂಪಾದಕರು: ಏನ್ರೀ, ಫ್ಯಾಮಿಲಿ ಜತೆ ನೋಡಬಹುದಾ?

ವಿಮರ್ಶಕ: ತಾಯಿ-ಮಗನ ಕಥೆ ಸಾರ್. ನಾರ್ಮನ್ ಅಮ್ಮನ ಮಾತು ಮೀರೋನೇ ಅಲ್ಲ.

ಸಂಪಾದಕರು: ಆಹಾ, ತಾಯಿ ಸೆಂಟಿಮೆಂಟ್! ಅರ್ಧ ಸ್ಟಾರ್ ಜಾಸ್ತಿ ಹಾಕಿ. ಹೀರೋಯಿನ್?

ವಿಮರ್ಶಕ: ಮುಕ್ಕಾಲು ಗಂಟೆಗೆಲ್ಲ ಬಚ್ಚಲಲ್ಲೇ ಕೊಲೆ.

ಸಂಪಾದಕರು: ಇಂಟರ್ವಲ್‌ಗೂ ಮುಂಚೆ? ಕಾಲ್‌ಶೀಟ್ ಸಮಸ್ಯೆ ಇರಬೇಕು. ರಕ್ತ ಜಾಸ್ತಿನಾ?

ವಿಮರ್ಶಕ: ಅದು ಚಾಕೊಲೇಟ್ ಸಿರಪ್. ಕಪ್ಪು-ಬಿಳುಪಲ್ಲಿ ಯಾರಿಗೆ ಗೊತ್ತಾಗುತ್ತೆ?

ಸಂಪಾದಕರು: ಹಾಗಾದ್ರೆ ‘ಮಕ್ಕಳಿಗೂ ಇಷ್ಟವಾಗುತ್ತೆ’ ಅಂತ ಬರೀರಿ. ಹಾಡು?

ವಿಮರ್ಶಕ: ಒಂದೂ ಇಲ್ಲ. ಪಿಟೀಲು ಚೀರುತ್ತೆ ಅಷ್ಟೆ. ಆ ಕೊಲೆ ದೃಶ್ಯಕ್ಕೆ ಸಂಗೀತವೇ ಬೇಡ ಅಂದಿದ್ದರಂತೆ ಹಿಚ್‌ಕಾಕ್. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಕೇಳಲಿಲ್ಲ. ಚಾಕುಗಿಂತ ಅದೇ ಜಾಸ್ತಿ ಇರಿಯುತ್ತೆ ಸಾರ್. ಬಿಡುಗಡೆಯಾದಾಗ, ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡ್ತಿರಲಿಲ್ಲವಂತೆ.

ಸಂಪಾದಕರು: ಅಯ್ಯೋ, ಮತ್ತೆ ವಿಮರ್ಶಕರ ಗತಿ? ಇರಲಿ, ಹೆಡ್ಡಿಂಗ್ ಬರ್ಕೊಳ್ಳಿ: ‘ಹೆತ್ತವಳನ್ನು ಕೈಬಿಡದ ಮಗ.’

ವಿಮರ್ಶಕ: ಹೆತ್ತವಳು ಸತ್ತು ಹತ್ತು ವರ್ಷ ಆಗಿರುತ್ತೆ ಸಾರ್.

ಸಂಪಾದಕರು: ಥೂ, ಸಸ್ಪೆನ್ಸ್ ಹಾಳು ಮಾಡಿಬಿಟ್ರಲ್ರೀ! ಒಂದು ಸ್ಟಾರ್ ಕಿತ್ತಾಕಿ.