ಅಳತೆ ರವಿಕೆ, ಅರ್ಧ ಇಂಚಿನ ಪೈಪು

ಊರಿನಲ್ಲಿ ಗೋಡೆಗೊಂದು ಮೊಳೆ ಬೇಕೆಂದರೆ ನಮ್ಮ ಗಂಡಸರು ಬಡಗಿಗೆ ಫೋನು ಮಾಡುತ್ತಿದ್ದರು. ಅವನು ‘ನಾಳೆ ಬಂದ್ಬಿಡ್ತೀನಿ ಸಾರ್’ ಅನ್ನುತ್ತಿದ್ದ. ಆ ನಾಳೆ ಬರುವಷ್ಟರಲ್ಲಿ, ತೂಗುಹಾಕಬೇಕಿದ್ದ ಕ್ಯಾಲೆಂಡರಿನ ವರ್ಷವೇ ಮುಗಿದಿರುತ್ತಿತ್ತು. ಅದೇ ಗಂಡಸರು ನ್ಯೂಜೆರ್ಸಿಯಲ್ಲಿ ಮನೆ ಕೊಂಡ ವಾರವೇ ಡ್ರಿಲ್ ಕೊಂಡುಬರುತ್ತಾರೆ. ಸೋಫಾ ಆಮೇಲೆ. ಇಲ್ಲಿ ಬಡಗಿಯನ್ನು ಕರೆದರೆ ಅವನು ವ್ಯಾನಿನಿಂದ ಇಳಿಯುವುದಕ್ಕೇ ಒಂದು ದರ, ಕೆಲಸಕ್ಕೆ ಇನ್ನೊಂದು. ಆ ಡಾಲರನ್ನು ರೂಪಾಯಿಗೆ ಗುಣಿಸಿದ ಕ್ಷಣದಲ್ಲಿ ಎಂಥ ಸಾಫ್ಟ್‌ವೇರ್ ಇಂಜಿನಿಯರನ ಒಳಗೂ ಒಬ್ಬ ಬಡಗಿ, ಒಬ್ಬ ಪೇಂಟರು, ಒಬ್ಬ ಪ್ಲಂಬರು ಒಟ್ಟಿಗೇ ಎದ್ದು ಕೂರುತ್ತಾರೆ.

ಅಮೆರಿಕದ ಮನೆಯ ಗೋಡೆ ನಮ್ಮದರ ಹಾಗೆ ಇಟ್ಟಿಗೆಯದಲ್ಲ. ಮರದ ಕಂಬಗಳ ಹಂದರ, ಅದರ ಮೇಲೆ ಅರ್ಧ ಇಂಚಿನ ಜಿಪ್ಸಮ್ ಹಲಗೆ, ನಡುವೆ ಟೊಳ್ಳು. ಕಂಬಗಳು ಸಾಮಾನ್ಯವಾಗಿ 16 ಇಂಚಿಗೊಂದರಂತೆ ನಿಂತಿರುತ್ತವೆ. ಭಾರದ್ದೇನನ್ನಾದರೂ ತೂಗುಹಾಕುವುದಾದರೆ ಮೊದಲು ಆ ಕಂಬ ಸಿಗಬೇಕು. ಅದನ್ನು ಹುಡುಕಲಿಕ್ಕೆ ಅಂಗೈಯಗಲದ ಒಂದು ಯಂತ್ರವಿದೆ. ಗೋಡೆಯ ಮೇಲೆ ಆಡಿಸುತ್ತ ಹೋದರೆ ಕಂಬ ಬಂದಲ್ಲಿ ಕೀಂ ಅನ್ನುತ್ತದೆ. ಈಗ ಹೇಳಿ, ಪೂರ್ವದ ಗೋಡೆಯ ನಟ್ಟನಡುವೆ ದೇವರ ಮಂಟಪ ಬರಬೇಕೆಂದು ಮೈಸೂರಿನಿಂದ ನಮ್ಮಮ್ಮ ವಾಸ್ತು ಹೇಳಿದ್ದಾರೆ. ನಟ್ಟನಡುವೆ ಕೀಂ ಇಲ್ಲ. ‘ದೇವರು ಎಲ್ಲ ಕಡೆನೂ ಇದ್ದಾನೆ ಕಣೇ, ಕಂಬ ಇಲ್ಲಷ್ಟೇ ಇರೋದು’ ಅಂತ ನಮ್ಮವರು ಮಂಟಪವನ್ನು ಕಿಟಕಿಯ ಕಡೆಗೆ ಸರಿಸಿ ಸ್ಕ್ರೂ ತಿರುಗಿಸಿದರು. ಎಡಗಡೆ ಉಳಿದ ಖಾಲಿ ಜಾಗಕ್ಕೆ ಏನಾದರೂ ಅಲಂಕಾರ ಬೇಕಾಯಿತು. ಮನೆಯ ಅಲಂಕಾರ ಎಂಬ ಕಲೆ ಬಹುಪಾಲು ಹುಟ್ಟುವುದೇ ಹೀಗೆ, ಹಿಂದಿನ ಅಲಂಕಾರ ಬಿಟ್ಟುಹೋದ ಜಾಗವನ್ನು ಮುಚ್ಚಲಿಕ್ಕೆ.

ಇನ್ನು ಅಳತೆ. ಟೇಪು ಹಿಡಿದವರಿಗೆ ಈ ದೇಶ ಇಷ್ಟು ನಗುನಗುತ್ತ ಮೋಸ ಮಾಡುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ‘ಟು ಬೈ ಫೋರ್’ ಅಂತ ಮಾರುವ ಮರದ ತುಂಡನ್ನು ಮನೆಗೆ ತಂದು ಅಳೆಯಿರಿ: ಒಂದೂವರೆ ಇಂಚು, ಮೂರೂವರೆ ಇಂಚು. ಹಸಿಮರ ಕೊಯ್ದಾಗಿನ ಹೆಸರಂತೆ ಅದು. ಒಣಗಿಸಿ, ಕೀಸುಳಿ ಹೊಡೆದು ನಯ ಮಾಡಿದ ಮೇಲೆ ಮರ ಸಣ್ಣದಾಯಿತು, ಹೆಸರು ಹಾಗೇ ಉಳಿಯಿತು. ಅರ್ಧ ಇಂಚಿನ ಪಿವಿಸಿ ಪೈಪಿನದು ಇನ್ನೂ ಮಜ. ಅದರ ಹೊರಸುತ್ತಿನ ಅಡ್ಡಳತೆ 0.84 ಇಂಚು. ಮರ ಹೇಳಿದ್ದಕ್ಕಿಂತ ಸಣ್ಣ, ಪೈಪು ಹೇಳಿದ್ದಕ್ಕಿಂತ ದಪ್ಪ. ನಮ್ಮೂರಿನ ಹೂವಾಡಗಿತ್ತಿ ತನ್ನ ಮೊಳಕ್ಕೆ ತನ್ನದೇ ಕೈ ಬಳಸುತ್ತಿದ್ದಳಲ್ಲ, ಅವಳ ಜೊತೆ ‘ನಿನ್ನ ಕೈ ಗಿಡ್ಡ’ ಅಂತ ಜಗಳವಾಡಿದ್ದಕ್ಕೆ ಈಗ ಪಾಪ ಅನ್ನಿಸುತ್ತದೆ. ಅವಳ ಮೊಳ ಕನಿಷ್ಠ ಕಣ್ಣೆದುರು ಇತ್ತು.

ಪೈಪಿನ ವಿಷಯ ಬಂದದ್ದು ಗೌರಿ-ಗಣೇಶ ಹಬ್ಬಕ್ಕೆ. ಬಾಳೆಕಂದು ಸಿಗದ ಊರಿನಲ್ಲಿ ಪಿವಿಸಿ ಪೈಪಿನ ಮಂಟಪ ಕಟ್ಟುವುದು ಹೊರನಾಡ ಕನ್ನಡಿಗರ ಅಘೋಷಿತ ಗುಡಿ ಕೈಗಾರಿಕೆ. ನಮ್ಮವರು ಕಾಗದದ ಮೇಲೆ ಚಿತ್ರ ಬರೆದು ಬಾಗಲಕೋಟೆಗೆ ವಿಡಿಯೋ ಕಾಲ್ ಹಚ್ಚಿದರು. ಅಲ್ಲಿರುವ ಮಾವ ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರು.

‘ಎಸ್ಟಿಮೇಟ್ ಎಲ್ಲೈತಿ?’

‘ಅಪ್ಪಾ, ಇದು ಗಣಪ್ಪನ ಮಂಟಪ.’

‘ಎಸ್ಟಿಮೇಟ್ ಇಲ್ದ ನಾ ಒಂದ್ ಗಟಾರನೂ ಕಟ್ಟಿಸಿಲ್ಲ. ಗಟಾರ ಆದ್ರೇನು, ಗಣಪ್ಪ ಆದ್ರೇನು, ಲೋಡ್ ಅಂದ್ರ ಲೋಡೇ.’

ಎಸ್ಟಿಮೇಟ್ ಆಯಿತು. ಅದರಲ್ಲಿ ಸಿಮೆಂಟಿನ ಕಾಲಂ ಒಂದು ಖಾಲಿ ಇತ್ತು, ಮಾವನ ಸಮಾಧಾನಕ್ಕೆ. ಆದರೆ ಮಂಟಪದ ಮೂಲೆಯಲ್ಲಿ ಮೂರು ಪೈಪು ಕೂಡಬೇಕು: ಎರಡು ಅಡ್ಡ, ಒಂದು ನೆಟ್ಟಗೆ. ನಲ್ಲಿಯ ನೀರಿಗೆ ಅಂಥ ತಿರುವಿನ ಗರಜು ಬೀಳುವುದು ಅಪರೂಪ, ಹಾಗಾಗಿ ಪ್ಲಂಬಿಂಗ್ ಸಾಮಾನಿನ ಸಾಲಿನಲ್ಲಿ ಎಲ್ಬೋ ಉಂಟು, ಟೀ ಉಂಟು, ಮೂರು ಬಾಯಿಯ ಮೂಲೆ ಮಾತ್ರ ಕಾಣಲಿಲ್ಲ. ಅಂಗಡಿಯ ಹಿರಿಯ ಕೆಲಸಗಾರನೊಬ್ಬ ತಾನಾಗಿ ಬಂದು, ಏನು ಕಟ್ಟುತ್ತಿದ್ದೀರಿ ಅಂತ ಕೇಳಿದ. ಗಣೇಶನನ್ನು ಇಂಗ್ಲಿಷಿನಲ್ಲಿ ಹೇಗೆ ಪರಿಚಯಿಸುವುದು? ಆನೆಮೊಗದ ದೇವರಿಗೆ ಚಪ್ಪರ ಅಂತ ಇವರು ಹೇಳಿದರು. ಅವನ ಕಿವಿಗೆ ಬಿದ್ದದ್ದು ಆನೆ ಮಾತ್ರ. ಅರ್ಧ ಇಂಚಿನ ಪೈಪನ್ನು ಇವರ ಕೈಯಿಂದ ಮೆಲ್ಲಗೆ ಇಸಿದುಕೊಂಡು ವಾಪಸು ಕಪಾಟಿಗಿಟ್ಟು, ‘ಆನೆಗಾದರೆ ಮರವೇ ಒಳ್ಳೆಯದು’ ಅಂತ ಟು ಬೈ ಫೋರ್ ಇರುವ ಕಡೆ ಕೈ ತೋರಿಸಿದ. ಮೂರು ಬಾಯಿಯ ಮೂಲೆಗಳನ್ನು ಕಡೆಗೆ ಆನ್‌ಲೈನಿನಲ್ಲಿ, ಪೀಠೋಪಕರಣ ಮಾಡುವವರ ಸಾಮಾನೆಂದು ತರಿಸಿದ್ದಾಯಿತು.

ಬಾಳೆಕಂದಿನ ಜಾಗಕ್ಕೆ ಈಜುಕೊಳದಲ್ಲಿ ಮಕ್ಕಳು ತಬ್ಬಿಕೊಂಡು ತೇಲುವ ಹಸಿರು ಫೋಮಿನ ಉದ್ದನೆಯ ಕೊಳವೆ. ಪೈಪಿಗೆ ಅದನ್ನು ತೊಡಿಸಿದರೆ ದೂರದಿಂದ ಯಾವ ಗಣಪತಿಯೂ ನಂಬುತ್ತಾನೆ. ಮಾವಿನ ತೋರಣಕ್ಕೆ ಫೆಲ್ಟ್ ಬಟ್ಟೆಯ ಎಲೆ. ಥರ್ಮಾಕೋಲಿನ ಗೋಪುರಕ್ಕೆ ಮಾತ್ರ ಗೋಂದಿನ ಗನ್ನನ್ನು ಕಡಿಮೆ ಶಾಖದಲ್ಲಿಡಬೇಕು. ಜಾಸ್ತಿ ಶಾಖದ ಗನ್ನಿನ ಗೋಂದು ಸುಮಾರು 190 ಡಿಗ್ರಿ ಸೆಲ್ಸಿಯಸ್ ತಲುಪುತ್ತದೆ, ಥರ್ಮಾಕೋಲು ನೂರರ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಇದು ತಿಳಿಯದ ನಮ್ಮ ಗೆಳೆಯರೊಬ್ಬರ ಮನೆಯಲ್ಲಿ ಆ ವರ್ಷ ಬೇಲೂರು ಕಟ್ಟಲು ಹೋಗಿ ಹಂಪಿ ಆಯಿತು. ಬಂದವರೆಲ್ಲ ಹಂಪಿ ಎಷ್ಟು ಚೆನ್ನಾಗಿ ಬಂದಿದೆ ಅಂತ ಹೊಗಳಿದರು, ಅವರೂ ತಿದ್ದಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಾನು ಮೈಸೂರಿನಲ್ಲಿ ಬೆಳೆಯುವಾಗ ಅಣ್ಣನ ಪ್ಯಾಂಟು ಕತ್ತರಿಸಿ ನನಗೆ ಸ್ಕರ್ಟು, ಅಮ್ಮನ ಸೀರೆಯಿಂದ ಲಂಗ, ಲಂಗದಿಂದ ದಿಂಬಿನ ಚೀಲ, ದಿಂಬಿನ ಚೀಲದಿಂದ ಒಲೆಯ ಮಸಿಬಟ್ಟೆ ಆಗುತ್ತಿತ್ತು. ಯಾರಾದರೂ ‘ಲಂಗ ಎಲ್ಲಿ ತಗೊಂಡ್ರಿ?’ ಅಂದರೆ ಅಮ್ಮ ದನಿ ತಗ್ಗಿಸಿ ‘ಮನೇಲೇ ಹೊಲಿದದ್ದು’ ಅಂದು ಮಾತು ತಿರುಗಿಸುತ್ತಿದ್ದಳು. ಈಗ ಅದೇ ಎರಡು ಪದ ಇಲ್ಲಿ ಎಡಿಸನ್ ಊರಿನ ಪಾಟ್‌ಲಕ್ಕಿನಲ್ಲಿ ಮೈಕು ಹಿಡಿದು ಹೇಳುವ ಮಾತು. ಕುರ್ಚಿಯ ಕವರು ‘ನಾವೇ ಮಾಡಿದ್ದು’. ಗೋಡೆಯ ಬಣ್ಣ ‘ನಾವೇ ಹೊಡೆದದ್ದು’. ಬಿಸಿಬೇಳೆಬಾತು ಮಾತ್ರ ಹೊರಗಿನಿಂದ ತರಿಸಿದ್ದು. ದುಡ್ಡಿಲ್ಲದಾಗ ಮಾಡಿದರೆ ಮುಚ್ಚಿಡಬೇಕು, ದುಡ್ಡಿದ್ದೂ ಮಾಡಿದರೆ ತೋರಿಸಬೇಕು ಎಂಬ ಕಾನೂನನ್ನು ಯಾರು ಬರೆದರೋ ಗೊತ್ತಿಲ್ಲ. ಬರೆದವರಿಗೆ ಎರಡೂ ಕಾಲ ಗೊತ್ತಿತ್ತೆಂದು ಕಾಣುತ್ತದೆ.

ಬಟ್ಟೆಯ ಕಥೆಯಲ್ಲಿ ಮೊದಲ ಅಧ್ಯಾಯ ಪ್ಯಾಂಟು. ಇಲ್ಲಿಯ ಅಂಗಡಿಗಳಲ್ಲಿ ಗಂಡಸರ ಕಾಲು ಸಾಮಾನ್ಯವಾಗಿ 30 ಇಂಚಿನಿಂದ ಶುರು. ನಮ್ಮವರ ಕಾಲು 28ಕ್ಕೇ ಮುಗಿಯುತ್ತದೆ. ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಮಡಿಚಿ ಹೊಲಿಸಲು ಕೇಳುವ ದುಡ್ಡು, ಸೇಲಿನಲ್ಲಿ ಕೊಂಡ ಪ್ಯಾಂಟಿನ ಬೆಲೆಗೆ ತೀರ ಹತ್ತಿರ. ಜೀನ್ಸಿನದು ಇನ್ನೊಂದು ತೊಡಕು: ಅಂಚಿನ ಆ ದಪ್ಪ ಕಂದುಬಣ್ಣದ ಹೊಲಿಗೆ ಹೋದರೆ ಜೀನ್ಸಿನ ಮಾನವೂ ಹೋಯಿತು. ಅದಕ್ಕೊಂದು ಉಪಾಯ ಇದೆ. ಅಂಚನ್ನು ಹೊರಗಡೆಗೆ ಮೇಲಕ್ಕೆ ಮಡಿಚಿ, ಹಳೆಯ ಹೊಲಿಗೆಯ ದಪ್ಪಂಚಿಗೆ ಒತ್ತಿ, ಅದರ ಬುಡದಲ್ಲೇ ಸುತ್ತಲೂ ಹೊಲಿದು, ಹೆಚ್ಚಾದ ಬಟ್ಟೆಯನ್ನು ಒಳಕ್ಕೆ ತಳ್ಳಿ ಇಸ್ತ್ರಿ ಹಾಕಿದರೆ ಮೂಲ ಅಂಚು ಮೂಲ ಜಾಗದಲ್ಲೇ ಇದ್ದಂತೆ ಕಾಣುತ್ತದೆ. ಸೂಜಿ 16ನೆಯ ನಂಬರಿನದು ಬೇಕು. ಆದರೂ ಪಕ್ಕದ ಹೊಲಿಗೆ ಕೂಡುವ ಕಡೆ ಪದರದ ಮೇಲೆ ಪದರ ಸೇರಿ ದಿಮ್ಮಿಯಂತಾಗಿರುತ್ತದೆ. ಅಲ್ಲಿ ಸೂಜಿ ಮುರಿಯುತ್ತದೆ. ಈ ಬಟ್ಟೆಗೆ ತಾಮ್ರದ ಗುಬ್ಬಿ ಹೊಡೆಯುವ ಯೋಚನೆ ಮಾಡಿದವನು ನೆವಾಡಾದ ಜೇಕಬ್ ಡೇವಿಸ್ ಎಂಬ ದರ್ಜಿ. 1873ರಲ್ಲಿ ಲೀವೈ ಸ್ಟ್ರಾಸ್ ಜೊತೆ ಪೇಟೆಂಟು ಪಡೆದ. ಕೂಲಿಗಾರರ ಜೇಬು ಹರಿಯದಿರಲೆಂದು ಆ ಪುಣ್ಯಾತ್ಮ ಮಾಡಿದ್ದು. ಎಂಟು ಗಂಟೆ ಕುರ್ಚಿ ಬಿಟ್ಟೇಳದ ನಮ್ಮವರೂ ಅದನ್ನೇ ತೊಡುತ್ತಾರೆಂದು ಅವನು ಎಣಿಸಿರಲಾರ.

ಪಕ್ಕದ ಹೊಲಿಗೆಯ ಆ ದಪ್ಪ ಜಾಗವನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿಕೊಂಡರೆ ಸೂಜಿ ದಾಟುತ್ತದೆ. ಇದು ನಿಜವಾದ ದರ್ಜಿಗಳೂ ಒಪ್ಪುವ ಮಾರ್ಗ. ಅಪಾರ್ಟ್‌ಮೆಂಟಿನಲ್ಲಿದ್ದ ಕಾಲದಲ್ಲಿ ನಮ್ಮವರು ಇದನ್ನು ರಾತ್ರಿ ಊಟವಾದ ಮೇಲೆ ನೆಲದ ಮೇಲಿಟ್ಟು ಮಾಡುತ್ತಿದ್ದರು. ಕೆಳಗಿನ ಮನೆಯಾತ ಬಂದು ಬಾಗಿಲು ತಟ್ಟಿದ. ಇವರ ಒಂದು ಕೈಯಲ್ಲಿ ಪ್ಯಾಂಟು, ಒಂದು ಕೈಯಲ್ಲಿ ಸುತ್ತಿಗೆ, ಮೈಮೇಲೆ ಲುಂಗಿ. ಇವರನ್ನು ಮೇಲಿನಿಂದ ಕೆಳಗೆ ನೋಡಿ ಏನೂ ಕೇಳದೆ ಹೋದ. ಆಮೇಲೆ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ತುಂಬಾ ಮರ್ಯಾದೆ ಕೊಡುತ್ತಿದ್ದ.

ರವಿಕೆಯ ಅಧ್ಯಾಯ ದೊಡ್ಡದು. ಊರಿನ ಒಳ್ಳೆಯ ಟೇಲರ್ ರವಿಕೆಯ ಪಕ್ಕದಲ್ಲಿ ಬಟ್ಟೆ ಬಿಟ್ಟು, ಒಂದರ ಪಕ್ಕ ಒಂದರಂತೆ ಎರಡು ಮೂರು ಸಾಲು ಹೊಲಿಗೆ ಹಾಕಿರುತ್ತಾನೆ, ಮುಂದಕ್ಕೆ ಬೇಕಾದರೆ ಬಿಚ್ಚಿಕೊಳ್ಳಲಿ ಎಂದು. ಅಮೆರಿಕಕ್ಕೆ ಬಂದ ಹೆಂಗಸಿನ ರವಿಕೆಯನ್ನು ಒಳಮಗ್ಗುಲು ತಿರುಗಿಸಿ, ಬಿಚ್ಚಿದ ಸಾಲುಗಳ ಗುರುತನ್ನು ಎಣಿಸಿದರೆ ಮರದ ಉಂಗುರ ಎಣಿಸಿದ ಹಾಗೆ ಅವಳು ಬಂದು ಎಷ್ಟು ವರ್ಷವಾಯಿತೆಂದು ಹೇಳಬಹುದು. ಸಾಲುಗಳೆಲ್ಲ ಮುಗಿದ ಮೇಲೆ ಕಂಕುಳಡಿಗೆ ಒಂದು ಪಟ್ಟಿ. ಅದಕ್ಕೆ ಬಟ್ಟೆ? ಸೀರೆಯಲ್ಲಿ ಸೊಂಟಕ್ಕೆ ಮೊದಲ ಸುತ್ತು ಸಿಕ್ಕಿಸುವ ತುದಿಯಿಂದ ಒಂದು ಗೇಣು ಕತ್ತರಿಸಿದರೆ ಯಾರಿಗೂ ಕಾಣುವುದಿಲ್ಲ. ರವಿಕೆ ಅಗಲವಾಗುತ್ತ, ಸೀರೆ ಗಿಡ್ಡವಾಗುತ್ತ ಹೋಗಿ ಎಲ್ಲೋ ಒಂದು ಕಡೆ ಎರಡೂ ರಾಜಿಯಾಗುತ್ತವೆ.

ಈ ಕ್ಷೇತ್ರಕ್ಕೆ ಅತ್ತೆ ಬಂದದ್ದು ಬೇಸಿಗೆಯಲ್ಲಿ, ಆರು ತಿಂಗಳ ವಿಸಿಟರ್ ವೀಸಾದ ಮೇಲೆ. ಬಂದ ದಿನವೇ ಕಣ್ಣಿಗೆ ಬಿದ್ದದ್ದು ದೇವರ ಮಂಟಪದ ಎಡಗಡೆಯ ಖಾಲಿ ಜಾಗ. ಅಲ್ಲಿ ನಾನು ಗುಳೇದಗುಡ್ಡದ ಖಣವನ್ನು ಫ್ರೇಮು ಹಾಕಿ ತೂಗಿದ್ದೆ.

‘ಏನವಾ ಇದು? ಕುಬಸದ ಖಣ ಗ್ವಾಡಿಗ್ಯಾಕ ಉಡಿಸಿದಿ?’

ಅಷ್ಟಕ್ಕೇ ಬಿಡಲಿಲ್ಲ. ಫ್ರೇಮನ್ನು ಕೆಳಗಿಳಿಸಿ ಬೆನ್ನು ತಿರುಗಿಸಿದರು. ಅತ್ತೆ ಕಸೂತಿಯ ಕೈ. ಗವಂತಿ, ಮುರ್ಗಿ ಹೊಲಿಗೆಗಳಿಗೆ ಗಂಟು ಹಾಕುವಂತಿಲ್ಲ, ಹಿಂದು ಮುಂದು ಎರಡೂ ಒಂದೇ ಥರ ಕಾಣಬೇಕು. ಅಂಥವರ ಎದುರಿಗೆ ಸ್ಟೇಪಲ್ ಪಿನ್ನು, ಗೋಂದಿನ ಎಳೆ, ಬ್ರೌನ್ ಟೇಪು ಎಲ್ಲ ಬಯಲಾದವು. ‘ಹಿಂದ ನೋಡಿದ್ರ ತಿಳೀತೈತಿ, ಮಾಡಿದಾಕಿ ಎಂಥಾಕಿ ಅಂತ.’ ಗೋಡೆಗೆ ಬೆನ್ನು ಮಾಡಿ ನೇತಾಡುವ ವಸ್ತುವಿಗೆ ಬೆನ್ನಿನ ಅಂದ ಬೇಕಿಲ್ಲ ಎಂಬುದು ನನ್ನ ವಾದ. ಇವತ್ತಿಗೂ ನಾನು ಅದರಿಂದ ಹಿಂದೆ ಸರಿದಿಲ್ಲ.

ಹೊಲಿಗೆ ಮಿಷಿನ್ ಕಂಡಾಗ ಮಾತ್ರ ಮುಖ ಅರಳಿತು. ಬಾಗಲಕೋಟೆಯಲ್ಲಿ ಅವರದು ಕಾಲಲ್ಲಿ ತುಳಿಯುವ ಕಬ್ಬಿಣದ ಮಿಷಿನ್. ಇಲ್ಲಿಯದು ಪ್ಲಾಸ್ಟಿಕ್ಕಿನದು, ಕಾಲಡಿಯ ಪೆಡಲ್ ಒತ್ತಿದರೆ ಕರೆಂಟಿನಲ್ಲಿ ಓಡುವಂಥದು. ಅತ್ತೆ ಹಳೆಯ ರೂಢಿಯಂತೆ ಹಿಮ್ಮಡಿ-ಮುಂಗಾಲು ಲಯದಲ್ಲಿ ತುಳಿದರು. ಮಿಷಿನ್ ಒಮ್ಮೆ ಕಿರುಚಿ ಓಡಿತು, ಒಮ್ಮೆ ಗಕ್ಕನೆ ನಿಂತಿತು. ‘ಕಾಲ ಇಟ್ರ ಓಡತೈತಿ, ತಗದ್ರ ನಿಂದರತೈತಿ. ನಡಿಯೂದು ಯಾವಾಗ?’ ನಾಲ್ಕು ದಿನದಲ್ಲಿ ಅದಕ್ಕೆ ನಡೆಯುವುದನ್ನೂ ಕಲಿಸಿದರು. ನಮ್ಮ ಹಳೇ ಸೀರೆ ಪಂಚೆಗಳೆಲ್ಲ ಸೇರಿ ಒಂದು ಕೌದಿಯಾಯಿತು. ಅಂಥದೇ ಒಂದು ಹೊದಿಕೆ ಇಲ್ಲಿಯ ಅಂಗಡಿಯಲ್ಲಿ ಮುನ್ನೂರು ಡಾಲರು ಅಂತ ತೋರಿಸಿದೆ. ಅತ್ತೆ ಬಹಳ ಹೊತ್ತು ಸುಮ್ಮನಿದ್ದು, ‘ಊರಾಗ ಅಟ್ಟದ ಮ್ಯಾಲ ಹನ್ನೊಂದು ಅದಾವ, ಇಲಿ ಕಡದಾವು ಬಿಟ್ಟು’ ಅಂದರು.

ಸುದ್ದಿ ಹಬ್ಬಲು ಒಂದು ಕನ್ನಡ ಕೂಟದ ಪಿಕ್‌ನಿಕ್ಕು ಸಾಕಾಯಿತು. ಶನಿವಾರ ಬೆಳಗಾದರೆ ಡ್ರೈವ್‌ವೇಯಲ್ಲಿ ಕಾರುಗಳು, ಒಳಗೆ ರವಿಕೆಯ ಗಂಟುಗಳು. ವಿಸಿಟರ್ ವೀಸಾದವರು ದುಡಿಯುವಂತಿಲ್ಲ, ಆದ್ದರಿಂದ ದುಡ್ಡಿನ ಮಾತಿಲ್ಲ. ಜನ ಕೈಬೀಸಿ ಬರುವುದು ಹೇಗೆಂದು ಹಿತ್ತಲಿನ ಸೋರೆಕಾಯಿ, ಬದನೆ, ಮೆಂತ್ಯದ ಕಟ್ಟು ಹಿಡಿದು ಬಂದರು. ಜುಲೈ, ಆಗಸ್ಟಿನಲ್ಲಿ ನ್ಯೂಜೆರ್ಸಿಯ ಯಾವ ಕನ್ನಡಿಗನಿಗೂ ತನ್ನ ಸೋರೆಕಾಯಿಯನ್ನು ಯಾರ ಮನೆಗೆ ದಾಟಿಸಲಿ ಎಂಬುದೇ ಚಿಂತೆ. ಆ ಬೇಸಿಗೆ ಅವೆಲ್ಲ ನಮ್ಮ ಮನೆಗೆ ದಾಟಿದವು. ಅತ್ತೆ ಪ್ರತಿ ರವಿಕೆಯನ್ನೂ ಮೊದಲು ಒಳಮಗ್ಗುಲು ನೋಡುತ್ತಿದ್ದರು. ಬಟ್ಟೆ ಬಿಟ್ಟಿದ್ದರೆ ಆ ಕಾಣದ ಟೇಲರನಿಗೆ ‘ಛಲೋ ಮನಿಶ್ಯಾ’ ಎಂಬ ಪ್ರಶಸ್ತಿ. ಈಚಿನ ಬೂಟೀಕುಗಳಲ್ಲಿ ಮೈಗೆ ಸರಿಯಾಗಿ ಕತ್ತರಿಸಿ ಅಂಚು ಮುಗಿಸಿಬಿಟ್ಟದ್ದು ಕಂಡರೆ, ‘ಈ ಹೆಣಮಗಳು ಮುಂದ ಉಣ್ಣೂದ ಇಲ್ಲ ಅಂತ ತಿಳದಾನೇನ್ ಅವಾ?’

ತಮ್ಮಮ್ಮನ ಪಕ್ಕ ಕೂತು ನಮ್ಮವರೂ ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಪಟ್ಟಿ ಕೂಡಿಸುವವರೆಗೆ ಕಲಿತರು. ಅತ್ತೆ ಊರಿಗೆ ಹೋದ ಮೇಲೂ ಫೋನು ನಿಲ್ಲಲಿಲ್ಲ. ‘ಅಕ್ಕಾ, ಭಾವ ಫ್ರೀ ಇದ್ದಾರಾ? ಎರಡು ಬ್ಲೌಸ್ ಇತ್ತು.’ ಭಾವ ಫ್ರೀ ಇದ್ದರು. ದೀಪಾವಳಿಗೆ ಮುಂಚೆ ನನ್ನ ಗೆಳತಿಯೊಬ್ಬಳು ಧರ್ಮಾವರದ ರೇಷ್ಮೆ ರವಿಕೆ ತಂದು ಮೇಜಿನ ಮೇಲಿಟ್ಟಳು. ನಮ್ಮವರು ಟೇಪು ಹಿಡಿದು ಅಳೆದು, ಲ್ಯಾಪ್‌ಟಾಪ್ ತೆರೆದು, ಎಕ್ಸೆಲ್ಲಿನಲ್ಲಿ ಕಾಲಂ ಎಳೆದರು. ಎಷ್ಟಾದರೂ ಲೋಕೋಪಯೋಗಿ ಇಲಾಖೆಯ ರಕ್ತ.

‘ಪದೇ ಪದೇ ಬಿಚ್ಚೋದ್ಯಾಕೆ, ಒಂದೇ ಸಲ ಐದು ವರ್ಷಕ್ಕೆ ಆಗೋ ಹಾಗೆ ಪ್ಲಾನ್ ಮಾಡೋಣ,’ ಅಂತ ಕನ್ನಡಕ ಸರಿಮಾಡಿಕೊಂಡು ಅವಳನ್ನು ಕೇಳಿದರು, ‘ವರ್ಷಕ್ಕೆ ಎಷ್ಟು ಇಂಚು ಅಂತ ಹಿಡಿಯಲಿ?’

ಗೆಳತಿ ರವಿಕೆ ಎತ್ತಿಕೊಂಡು ಓಕ್ ಟ್ರೀ ರೋಡಿನ ಟೇಲರ್ ಅಂಗಡಿಗೆ ಹೋದಳು. ಅವಳು ತಂದಿದ್ದ ಸೋರೆಕಾಯಿಯನ್ನೂ ವಾಪಸು ಒಯ್ದಳು.