ಮೊಲಕ್ಕೊಂದು ಕಟೌಟ್ ಬೇಕಿತ್ತು

ಗಾಂಧಿನಗರದಲ್ಲಿ ಹೀರೋಗಳಿಗೆ ಬರವಿಲ್ಲ. ಬರ ಬಂದಿರುವುದು ಹೀರೋ ಫ್ರೆಂಡಿಗೆ. ತೊಂಬತ್ತೊಂಬತ್ತು ಚಿತ್ರಗಳಲ್ಲಿ ಅವರಿವರ ಪಕ್ಕ ನಿಂತು ನಗಿಸಿದ ಶರಣ್, 2012ರಲ್ಲಿ ತಮ್ಮ ನೂರನೆಯ ಚಿತ್ರ 'ರ‍್ಯಾಂಬೋ'ದಲ್ಲಿ ತಾವೇ ಹೀರೋ ಆದರು. ಹೀರೋ ಆದ ಮೇಲೆ ಅವರಿಗೂ ಒಬ್ಬ ಫ್ರೆಂಡು ಬೇಕಲ್ಲ? 2014ರ 'ಅಧ್ಯಕ್ಷ'ದಲ್ಲಿ ಚಿಕ್ಕಣ್ಣ ಉಪಾಧ್ಯಕ್ಷರಾಗಿ ಬೆನ್ನಿಗೆ ನಿಂತರು. 2024ರಲ್ಲಿ 'ಉಪಾಧ್ಯಕ್ಷ' ಎಂಬ ಹೆಸರಿನಲ್ಲೇ ಚಿತ್ರ ಬಂದು ಅವರಿಗೂ ಹೀರೋ ಪಟ್ಟ ಸಿಕ್ಕಿತು. ಪ್ರಮೋಷನ್ನು ನ್ಯಾಯವಾದದ್ದೇ, ನಮ್ಮ ತಕರಾರಿಲ್ಲ. ಆದರೆ ಎಲ್ಲರೂ ಬಡ್ತಿ ಪಡೆದು ಮುಂದೆ ಹೋಗುತ್ತಿದ್ದರೆ ಬೈಕಿನ ಹಿಂದಿನ ಸೀಟಿನಲ್ಲಿ ಕೂರುವವರು ಯಾರು ಸ್ವಾಮಿ?

ಆ ಸೀಟಿನ ಸೇವಾ ನಿಯಮಗಳು ಕಠಿಣ. ಹೀರೋ ಫ್ರೆಂಡಿಗೆ ಮನೆಯಿಲ್ಲ. ಇದ್ದರೂ ಕ್ಯಾಮೆರಾ ಅತ್ತ ತಿರುಗುವುದಿಲ್ಲ. ಅವನು ತಿಂಡಿ ತಿನ್ನುವುದು ಹೀರೋನ ತಾಯಿಯ ಕೈಯಿಂದ, ಮಲಗುವುದು ಹೀರೋನ ಮನೆಯ ಮಾಳಿಗೆಯಲ್ಲಿ. ಅವನಿಗೆ ಕೆಲಸವಿಲ್ಲ, ಆದರೆ ಹೀರೋಯಿನ್ ಓದುವ ಕಾಲೇಜಿನ ಟೈಮ್‌ಟೇಬಲ್ ಅಲ್ಲಿನ ಪ್ರಿನ್ಸಿಪಾಲರಿಗಿಂತ ಚೆನ್ನಾಗಿ ಗೊತ್ತು. ಪ್ರೇಮಪತ್ರ ಬರೆಯುವುದು ಹೀರೋ, ಕೊಟ್ಟು ಕಪಾಳಕ್ಕೆ ತಿನ್ನುವುದು ಇವನು. ಫೈಟಿನ ಹೊತ್ತಿಗೆ ಡ್ರಮ್ಮಿನ ಹಿಂದೆ ಮಾಯವಾಗಿ, ಹೀರೋ ಹತ್ತು ಮಂದಿಯನ್ನು ಕೆಡವಿದ ಮೇಲೆ ಎದ್ದು ಬಂದು, ಆಗಲೇ ಬಿದ್ದಿರುವ ಹತ್ತನೆಯವನಿಗೆ ಒಂದು ಬಿಗಿಯುತ್ತಾನೆ. ಹಾಡು ಸ್ವಿಟ್ಜರ್‌ಲೆಂಡಿನಲ್ಲಿದ್ದರೆ ಇವನಿಗೆ ವೀಸಾ ಇಲ್ಲ. ಕ್ಲೈಮ್ಯಾಕ್ಸಿನಲ್ಲಿ ಎಲ್ಲರೂ ಸಾಲಾಗಿ ನಿಂತು ನಗುವ ಫೋಟೋದಲ್ಲಿ ಇವನು ತುದಿಗೆ ಇರುತ್ತಾನೆ, ಅರ್ಧ ಭುಜ ಫ್ರೇಮಿನಿಂದ ಆಚೆ.

ಇಷ್ಟಾದರೂ ಥಿಯೇಟರಿನಿಂದ ಹೊರಗೆ ಬಂದವರು ಹೀರೋನ ಹೇರ್‌ಸ್ಟೈಲ್ ಮಾಡಿಸಿಕೊಂಡರೇ ಹೊರತು ಇವನ ಗುಣವನ್ನಲ್ಲ. ಸಲೂನಿನಲ್ಲಿ ಅದಕ್ಕೆ ರೇಟು ಇಟ್ಟಿಲ್ಲ ನೋಡಿ.

ಕನ್ನಡದಲ್ಲಿ ಈ ವಂಶದ ಮೂಲಪುರುಷ ತಿಪಟೂರಿನ ನರಸಿಂಹರಾಜು. 1954ರ 'ಬೇಡರ ಕಣ್ಣಪ್ಪ'ದಲ್ಲಿ ಅವರೂ ರಾಜ್‌ಕುಮಾರರೂ ಜೊತೆಯಾಗಿಯೇ ಬಂದರು. ಒಬ್ಬರದು ನೀಳ ಮೂಗು, ಇನ್ನೊಬ್ಬರದು ಮುಂದೆ ಬಂದ ಹಲ್ಲು. ಮೂಗಿಗೆ ಕಿರೀಟ ಸಿಕ್ಕಿತು, ಹಲ್ಲಿಗೆ ನಗು ಸಿಕ್ಕಿತು. ಆದರೆ ತೆರೆಯ ಆಚೆ ನಡೆದದ್ದು ಇನ್ನೊಂದು ಕಥೆ. ಕನ್ನಡ ಚಿತ್ರಗಳೇ ಬೆರಳೆಣಿಕೆಯಲ್ಲಿದ್ದ ಆ ಕಾಲದಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ನಾಲ್ವರೂ ಸೇರಿ ಕಲಾವಿದರ ಸಂಘ ಕಟ್ಟಿಕೊಂಡು 1960ರಲ್ಲಿ 'ರಣಧೀರ ಕಂಠೀರವ' ತೆಗೆದರು. ಅಂದರೆ ತೆರೆಯ ಮೇಲೆ ಪಕ್ಕದಲ್ಲಿ ನಿಂತವರು ತೆರೆಯ ಹಿಂದೆ ನಷ್ಟಕ್ಕೂ ಹೆಗಲು ಕೊಡಲು ನಿಂತಿದ್ದರು. ಸಿನಿಮಾ ಎಂದರೆ ಅಂದೂ ಮನೆ ಮಾರಿಸುವ ದಂಧೆಯೇ.

ಇಂದು? ನಾಲ್ವರು ಸೇರಿ ದರ್ಶಿನಿಯಲ್ಲಿ ಮಸಾಲೆ ದೋಸೆ ತಿಂದು, ಕೈ ಒರೆಸಿಕೊಳ್ಳುವ ಮೊದಲೇ ಫೋನು ಟಿಣ್ ಎನ್ನುತ್ತದೆ: ನಿಮ್ಮ ಪಾಲು ಎಂಬತ್ತೇಳು ರೂಪಾಯಿ ಐವತ್ತು ಪೈಸೆ. ನೀವು ಬೈಟೂ ಕಾಫಿಯಲ್ಲಿ ಕುಡಿದದ್ದು ಅರ್ಧಕ್ಕಿಂತ ಕಡಿಮೆ ಎಂದು ವಾದಿಸುವಂತಿಲ್ಲ, ಆ್ಯಪು ಒಪ್ಪುವುದಿಲ್ಲ. ಮಾರನೆಯ ದಿನ ರಿಮೈಂಡರು, ಅದರ ಮಾರನೆಯ ದಿನ ಕೈಮುಗಿಯುವ ಇಮೋಜಿ. 1965ರ 'ಸತ್ಯ ಹರಿಶ್ಚಂದ್ರ'ದಲ್ಲಿ ನಕ್ಷತ್ರಿಕನಾಗಿ ರಾಜನ ಬೆನ್ನು ಹತ್ತಿ ಸಾಲ ವಸೂಲಿಗೆ ಹೊರಟವರೂ ನಮ್ಮ ನರಸಿಂಹರಾಜುವೇ. ಆ ನಕ್ಷತ್ರಿಕ ಕೊನೆಯ ಪಕ್ಷ ಕಾಲ್ನಡಿಗೆಯಲ್ಲಿ ಕಾಡು ಮೇಡು ಅಲೆದ, ಸಾಲಗಾರ ಎಡವಿದಲ್ಲಿ ತಾನೂ ಎಡವಿದ. ನಮ್ಮ ನಕ್ಷತ್ರಿಕರಿಗೆ ಕ್ಯೂಆರ್ ಕೋಡ್ ಇದೆ, ನಡೆಯುವ ಕಷ್ಟವಿಲ್ಲ.

ದುಡ್ಡಿನ ಮಾತು ಬಿಡಿ, ಮನಸ್ಸಿನ ಮಾತಿಗೆ ಬನ್ನಿ. ಗೆಳೆಯನಿಗೆ ಇದ್ದದ್ದನ್ನು ಇದ್ದಂತೆ ಹೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಿನಿಮಾಕ್ಕಿಂತ ಹಳೆಯ ಸಾಕ್ಷಿ ಇದೆ. ಕಾಳಿದಾಸನ ಶಾಕುಂತಲದಲ್ಲಿ ದುಷ್ಯಂತನ ಜೊತೆಗಾರ ಮಾಢವ್ಯ, ಹೊಟ್ಟೆಬಾಕ, ಸೋಮಾರಿ, ಬಾಯಿಬಡುಕ. ಕಾಡಿನಲ್ಲಿ ಹುಡುಗಿಯನ್ನು ಕಂಡ ರಾಜ ಇವನ ಮುಂದೆ ಮನಸ್ಸು ಬಿಚ್ಚುತ್ತಾನೆ. ಆಮೇಲೆ ಇವನನ್ನು ಅರಮನೆಗೆ ಕಳಿಸಬೇಕಾಗಿ ಬಂದಾಗ ಎದೆ ಡವಡವ: ಅಂತಃಪುರದಲ್ಲಿ ಬಾಯಿಬಿಟ್ಟರೆ? ಹಾಗಾಗಿ ಆ ಹುಡುಗಿಯ ಮಾತೆಲ್ಲ ತಮಾಷೆಗೆ ಆಡಿದ್ದು, ನಂಬಬೇಡ ಎಂದು ಸುಳ್ಳು ಹೇಳಿ ಸಾಗಹಾಕುತ್ತಾನೆ. ಮುಂದೆ ಶಾಪ, ಮರೆವು, ಉಂಗುರ, ಮೀನು, ಎಲ್ಲ ನಿಮಗೆ ಗೊತ್ತು. ನೆನಪು ಮರಳಿದ ರಾಜ ಅಳುತ್ತ ಕೂತು ಇವನನ್ನೇ ಆಕ್ಷೇಪಿಸುತ್ತಾನೆ: ನೀನಾದರೂ ನೆನಪಿಸಬಾರದಿತ್ತೇ? ಬಡ ಮಾಢವ್ಯನ ಉತ್ತರದ ಸಾರಾಂಶ ಇಷ್ಟೆ: ತಮಾಷೆ ಅಂತ ನೀವೇ ಹೇಳಿದಿರಿ, ದಡ್ಡ ನಾನು ನಂಬಿದೆ.

ರಾಜನ ಪಾಳಯದಲ್ಲಿ ಶಾಪ ತಟ್ಟದೆ ಉಳಿದಿದ್ದ ಒಂದು ನೆನಪನ್ನು ರಾಜ ತನ್ನ ಕೈಯಾರೆ ಅಳಿಸಿಹಾಕಿದ್ದ. ಶಾಪ ಕೊಟ್ಟ ದೂರ್ವಾಸರನ್ನು ಬೈದು ಏನು ಬಂತು? ನಾವೂ ಅದೇ ತಳಿ. ಕೆಲಸ ಹೋಗಿದೆ, ಇಎಂಐ ತಪ್ಪಿದೆ, ಮನೆಯಲ್ಲಿ ಮಾತುಕತೆ ನಿಂತಿದೆ. 'ಹೆಂಗಿದ್ದೀಯೋ?' ಎಂದು ಯಾರಾದರೂ ಕೇಳಿದರೆ 'ಸೂಪರ್ ಮಗಾ' ಎನ್ನುತ್ತೇವೆ. ಆರು ತಿಂಗಳಾದ ಮೇಲೆ 'ಕಷ್ಟದಲ್ಲಿ ಯಾರೂ ಬರಲ್ಲ' ಎಂದು ಸ್ಟೇಟಸ್ ಹಾಕುತ್ತೇವೆ, ಹಿನ್ನೆಲೆಗೆ ಸೂರ್ಯಾಸ್ತ.

ಇನ್ನು ನಮ್ಮ ಕಾಲದ ಮಹಾನ್ ಗೆಳೆಯನ ವಿಚಾರ. 2006ರ ಡಿಸೆಂಬರ್ ಕೊನೆಯಲ್ಲಿ ಬಿಡುಗಡೆಯಾಗಿ, ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷ ದಾಟಿ ಓಡಿದ 'ಮುಂಗಾರು ಮಳೆ'ಯಿಂದ ಗಣೇಶ್ ಗೋಲ್ಡನ್ ಸ್ಟಾರ್ ಆದರು, ನಿರ್ದೇಶಕ ಯೋಗರಾಜ ಭಟ್ಟರು ಭಟ್ಟರಾದರು, ಜಯಂತ ಕಾಯ್ಕಿಣಿಯವರ ಸಾಲುಗಳು ಆಟೋಗಳ ಹಿಂಭಾಗಕ್ಕೆ ಬಂದವು, ಜೋಗದ ಅಂಚಿನಲ್ಲಿ ಕೈಚಾಚಿ ಫೋಟೋ ತೆಗೆಸಿಕೊಳ್ಳುವ ಹುಚ್ಚಿಗೆ ಇನ್ನಷ್ಟು ಗಾಳಿ ಬೀಸಿತು. ಆದರೆ ಅಷ್ಟೂ ಮಳೆಯಲ್ಲಿ ನೆಂದು, ಹೀರೋನ ಜೊತೆ ಕೊನೆವರೆಗೂ ಬಂದ ಮೊಲಕ್ಕೆ ಏನು ಸಿಕ್ಕಿತು? ದೇವದಾಸ ಎಂಬ ಹೆಸರು. ಅದೂ ಕುಡುಕ ಪ್ರೇಮಿಯದು. ಒಂದು ಹನಿಯೂ ಕುಡಿಯದ, ಯಾರನ್ನೂ ಪ್ರೀತಿಸಿ ಕೆಡದ ಪ್ರಾಣಿಗೆ.

ಆ ಮೊಲದ ನಡತೆಯನ್ನು ಸ್ವಲ್ಪ ಗಮನಿಸಿ. ಇಡೀ ಚಿತ್ರದಲ್ಲಿ ಅದಕ್ಕೆ ಒಂದು ಡೈಲಾಗೂ ಇಲ್ಲ. ಭಟ್ಟರ ಸಿನಿಮಾದಲ್ಲಿ ಬಾಯಿ ಮುಚ್ಚಿಕೊಂಡೇ ಗೆದ್ದ ಪಾತ್ರ ಅದೊಂದೇ ಇರಬೇಕು. ಹೀರೋ ಪ್ರೀತಮ್ ಗೋಳು ಹೇಳಿಕೊಳ್ಳುತ್ತಾನೆ, ಮೊಲ ಕೇಳುತ್ತದೆ. ಕುಡಿದು ಅದೇ ಗೋಳನ್ನು ಮತ್ತೆ ಹೇಳುತ್ತಾನೆ, ಮೊಲ ಮತ್ತೆ ಕೇಳುತ್ತದೆ. 'ಇದು ಆಗಲೇ ಹೇಳಿದೆಯಲ್ಲ' ಎನ್ನುವುದಿಲ್ಲ. 'ನಿಂದೇನೂ ಅಲ್ಲ ಬಿಡು, ನನ್ನ ಕಥೆ ಕೇಳು' ಎಂದು ತನ್ನ ಹಳೆಯ ಬಿಲದ ವ್ಯಥೆ ತೆಗೆಯುವುದಿಲ್ಲ. 'ನಾನು ಅವತ್ತೇ ಹೇಳಿದ್ದೆ' ಎಂದು ಕಿವಿ ನಿಮಿರಿಸುವುದಿಲ್ಲ. 'ಒಂದು ಒಳ್ಳೇ ಪಾಡ್‌ಕಾಸ್ಟ್ ಇದೆ, ಲಿಂಕ್ ಕಳಿಸ್ತೀನಿ' ಎಂದು ಜಾರಿಕೊಳ್ಳುವುದಿಲ್ಲ. ಅವನು ಪ್ರೀತಿಸುವ ನಂದಿನಿ ಏಕೆ ಅವನಿಗೆ ತಕ್ಕವಳಲ್ಲ ಎಂದು ಐದು ಕಾರಣ ಕೊಟ್ಟು, ನಾಳೆ ಅವರಿಬ್ಬರೂ ಒಂದಾದರೆ ಮುಖ ತೋರಿಸಲಾಗದ ಸ್ಥಿತಿಗೆ ಬರುವುದಿಲ್ಲ. ಎದುರಿನವನು ಅಳುತ್ತಿರುವಾಗ ಕೆಳಗೆ ಬಗ್ಗಿ ಸ್ಕೋರು ನೋಡುವುದಿಲ್ಲ.

ಪ್ರೀತಮ್ ಮದುವೆ ಮನೆಯಲ್ಲಿ ಏನೇನು ಅವಾಂತರ ಮಾಡಿದ, ಯಾರಿಗಾಗಿ ಹುಡುಗಿಯನ್ನು ಬಿಟ್ಟು ಬಂದ ಎಂಬುದೆಲ್ಲ ಮೊಲಕ್ಕೆ ಗೊತ್ತು. ಆ ಗುಟ್ಟು ಹುಡುಗಿಯ ತಂದೆ ಕರ್ನಲ್ ಸುಬ್ಬಯ್ಯನವರ ಕಿವಿಗೆ ಮುಟ್ಟಲಿಲ್ಲ. ಅವರಿಗೆ ಕಿವಿ ಮಂದವಾಗಿದ್ದದ್ದು ಬೇರೆ ವಿಷಯ. ಇದೇ ಗುಟ್ಟನ್ನು ನಮ್ಮ ಗುಂಪಿನ ಯಾರಿಗಾದರೂ ಹೇಳಿದ್ದರೆ ಮಧ್ಯಾಹ್ನದ ಊಟದೊಳಗೆ 'ನಿಂಗೆ ಮಾತ್ರ ಹೇಳ್ತಿದ್ದೀನಿ' ಎಂಬ ಮುದ್ರೆ ಒತ್ತಿಕೊಂಡು ಮಡಿಕೇರಿಯಿಂದ ಮೈಸೂರು ಮುಟ್ಟುತ್ತಿತ್ತು.

ಹಾಗಾದರೆ ಒಳ್ಳೆಯ ಗೆಳೆಯನಾಗಲು ಬಾಯಿ ಮುಚ್ಚಿಕೊಂಡು ಹುಲ್ಲು ತಿಂದರೆ ಸಾಕೇ ಎಂದು ಕೇಳಬಹುದು. ಅನೇಕರ ಮಟ್ಟಿಗೆ ಅದೇ ದೊಡ್ಡ ಸುಧಾರಣೆ.

ಆದರೆ ಚಿತ್ರದ ಕೊನೆಗೆ ಬನ್ನಿ. ನಂದಿನಿ ಬೇರೆಯವನ ಕೈ ಹಿಡಿಯುತ್ತಾಳೆ, ಪ್ರೀತಮ್ ತ್ಯಾಗಿಯಾಗಿ ಹೊರಡುತ್ತಾನೆ, ಆಗ ನೋಡಿದರೆ ಮೊಲ ಸತ್ತಿದೆ. ಥಿಯೇಟರಿಗೆ ಥಿಯೇಟರೇ ಅತ್ತಿತು. ಯಾರಿಗಾಗಿ ಅತ್ತಿತು? ಮೊಲಕ್ಕಾಗಿ ಅಲ್ಲ, ಮೊಲವೂ ಇಲ್ಲದಂತಾದ ಹೀರೋಗಾಗಿ. ಗೆಳೆಯನ ಸಾವೂ ಹೀರೋನ ದುಃಖದ ಲೆಕ್ಕಕ್ಕೇ ಜಮೆ. ಇದೇನು ಮುಂಗಾರು ಮಳೆಯೊಂದರ ಪದ್ಧತಿಯಲ್ಲ. ಆ್ಯಕ್ಷನ್ ಚಿತ್ರಗಳಲ್ಲಿ ಹೀರೋ ಫ್ರೆಂಡಿಗೆ ತಂಗಿಯ ಮದುವೆ ನಿಶ್ಚಯವಾಯಿತೋ, ದುಬೈನಲ್ಲಿ ಕೆಲಸ ಸಿಕ್ಕಿತೋ, ಇಂಟರ್‌ವಲ್ಲಿಗೆ ಮುಂಚೆ ಅವನ ಕಥೆ ಮುಗಿಯಿತೆಂದೇ ಅರ್ಥ. ಅವನು ಹೀರೋನ ತೊಡೆಯ ಮೇಲೆ ಪ್ರಾಣ ಬಿಟ್ಟರೆ ತಾನೆ ಹೀರೋಗೆ ಲಾಂಗು ಹಿಡಿಯಲು ನೆಪ? ತಂಗಿಯ ಮದುವೆ ಆಮೇಲೆ ಏನಾಯಿತೆಂದು ಯಾವ ಚಿತ್ರವೂ ಹೇಳುವುದಿಲ್ಲ.

ಮೊಲಕ್ಕೆ ಹಸಿವಾಗಿತ್ತೇ, ಚಳಿಯಾಗಿತ್ತೇ, ಆ ಪಾಟಿ ಮಳೆಯಲ್ಲಿ ಅದಕ್ಕೆ ಹೊರಗೆ ಬರಲು ಇಷ್ಟವಿತ್ತೇ? ಪ್ರೀತಮ್ ಕೇಳಿದ್ದು ಕಾಣೆ. ಹೃದಯ ಒಡೆದವರಿಗೆ ಪುರುಸೊತ್ತೆಲ್ಲಿ. ನಮ್ಮೆಲ್ಲರ ಫೋನಿನಲ್ಲೂ ಇಂಥ ಒಬ್ಬ ದೇವದಾಸ ಇದ್ದಾನೆ. ರಾತ್ರಿ ಹನ್ನೆರಡಕ್ಕೆ ಫೋನ್ ಮಾಡಿ ಒಂದೂವರೆ ತಾಸು ನಮ್ಮ ಮ್ಯಾನೇಜರನ್ನು ಬೈದು, ಹಗುರಾಗಿ, 'ಸರಿ ಕಣೋ, ನಿಂದೇನು ಸಮಾಚಾರ? ಹೋಗ್ಲಿ ಬಿಡು, ಬೆಳಿಗ್ಗೆ ಬೇಗ ಏಳ್ಬೇಕು' ಎಂದು ಒಂದೇ ಉಸಿರಿನಲ್ಲಿ ಕೇಳಿ, ಬಿಟ್ಟು, ಇಟ್ಟುಬಿಡುತ್ತೇವಲ್ಲ, ಅವನೇ. ಅವನ ತಂದೆಗೆ ಆಪರೇಷನ್ ಆಗಿದ್ದು ನಮಗೆ ತಿಳಿಯುವುದು ಮೂರನೆಯವರಿಂದ. ಆಗ ನಾವು ಮುನಿಸಿಕೊಳ್ಳುತ್ತೇವೆ: 'ನನಗೆ ಹೇಳಲೇ ಇಲ್ಲ ನೋಡು!'

ಪಕ್ಕದಲ್ಲಿ ನಿಲ್ಲುವವನು ಎಂದರೆ ಕೈಲಾಗದವನು ಎಂದು ತಿಳಿದವರು ದ್ವಾರಕೀಶರ ಲೆಕ್ಕಪುಸ್ತಕ ನೋಡಬೇಕಿತ್ತು. 'ಕಳ್ಳ ಕುಳ್ಳ', 'ಕಿಟ್ಟು ಪುಟ್ಟು' ಚಿತ್ರಗಳಲ್ಲಿ ವಿಷ್ಣುವರ್ಧನರ ಭುಜಕ್ಕೂ ಬಾರದ ಈ ಕುಳ್ಳ, 1978ರಲ್ಲಿ 'ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ' ತೆಗೆದು ಕನ್ನಡ ಸಿನಿಮಾವನ್ನು ಮೊದಲ ಬಾರಿಗೆ ವಿದೇಶಕ್ಕೆ ಕರೆದೊಯ್ದ ನಿರ್ಮಾಪಕ. ವಿದೇಶದ ಹಾಡಿಗೆ ವೀಸಾ ಮಾಡಿಸಿದವನೇ ಹೀರೋ ಫ್ರೆಂಡು! ತೆರೆಯ ಮೇಲೆ ತಲೆಗೆ ಮೊಟಕಿಸಿಕೊಂಡವರು ತೆರೆಯ ಹಿಂದೆ ಚೆಕ್ಕಿಗೆ ಸಹಿ ಹಾಕುತ್ತಿದ್ದರು. ಹಾಗೆಂದು ಅವರಿಬ್ಬರದು ಹಾಲುಜೇನಿನ ಕಥೆಯೇನಲ್ಲ. ಜಗಳವಾಡಿದರು, ವರ್ಷಗಟ್ಟಲೆ ದೂರ ಉಳಿದರು. ಆಮೇಲೆ ಮತ್ತೆ ಸೇರಿ 2004ರಲ್ಲಿ ತೆಗೆದ ಚಿತ್ರದ ಹೆಸರು 'ಆಪ್ತಮಿತ್ರ'. ಜಗಳ ಮುಗಿಸಲು ಕೋಟಿಗಟ್ಟಲೆ ಬಂಡವಾಳ ಹೂಡಿ ಪೋಸ್ಟರೇ ಅಂಟಿಸಿದರು. ನಮಗೆ ಒಂದು 'ಸಾರಿ ಕಣೋ' ಟೈಪ್ ಮಾಡಲು ಹೆಬ್ಬೆರಳು ನೋಯುತ್ತದೆ. ಟೈಪ್ ಮಾಡಿದರೂ ಅವನು ಆನ್‌ಲೈನ್ ಇದ್ದಾನೆಯೇ ಎಂದು ನೋಡಿ ಅಳಿಸುತ್ತೇವೆ.

ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ, ಆದ್ದರಿಂದ ಎಲ್ಲರೂ ಹೀರೋಗಳು. ಕಬ್ಬನ್ ಪಾರ್ಕಿನಲ್ಲಿ ಒಂದು ಭಾನುವಾರ ನಿಂತು ನೋಡಿ. ಒಬ್ಬ ಸ್ಲೋ ಮೋಷನ್ನಿನಲ್ಲಿ ನಡೆದು ಬರುತ್ತಿರುತ್ತಾನೆ. ಇನ್ನೊಬ್ಬ ಹಿಮ್ಮುಖವಾಗಿ, ಬೇರಿಗೆ ಎಡವುತ್ತ, ಫೋನು ಹಿಡಿದು ಅವನನ್ನು ಚಿತ್ರಿಸುತ್ತಿರುತ್ತಾನೆ. ಹನ್ನೆರಡು ಟೇಕ್. ರೀಲಿಗೆ ಹಾಡು, ಫಿಲ್ಟರು, 'ಸಿಂಹ ಒಂಟಿಯಾಗಿ ನಡೆಯುತ್ತೆ' ಎಂಬ ಶೀರ್ಷಿಕೆ. ಹಿಮ್ಮುಖವಾಗಿ ನಡೆದವನ ಹೆಸರು ಎಲ್ಲೂ ಇಲ್ಲ. ಒಂಟಿ ಸಿಂಹ ಮನೆಗೆ ಹೋಗುವುದು ಅವನ ಸ್ಕೂಟರಿನಲ್ಲೇ.

ಈ ಬರಹವನ್ನು ಹೇಗೂ ನೀವು ಸ್ನೇಹಿತರ ಗುಂಪಿಗೆ ಕಳಿಸುತ್ತೀರಿ. ಕೆಳಗೆ 'ಇದು ನಿನಗೇ ಮಗಾ' ಎಂದು ಬರೆದು ನಗುವ ಮುಖವನ್ನೂ ಹಾಕುತ್ತೀರಿ. ಅದಕ್ಕೆ ಮುಂಚೆ ಒಂದು ಉಪಕಾರ ಮಾಡಿ. ಕಾಲೇಜಿನಲ್ಲಿ ನಿಮ್ಮ ಬದಲು ಅಟೆಂಡೆನ್ಸ್ ಕೂಗಿ ಸಿಕ್ಕಿಬಿದ್ದವನು ಆ ಗುಂಪಿನಲ್ಲಿ ಇನ್ನೂ ಇದ್ದಾನೋ, ಯಾವಾಗಲೋ ಸದ್ದಿಲ್ಲದೆ ಹೊರಬಿದ್ದನೋ ನೋಡಿ. ಹೊರಬಿದ್ದಿದ್ದರೆ ಮೆಸೇಜ್ ಬೇಡ, ಫೋನ್ ಮಾಡಿ. ಅವನು ಖಂಡಿತ ಎತ್ತುತ್ತಾನೆ, ಹೀರೋ ಫ್ರೆಂಡಿನ ಫೋನು ಯಾವ ಸಿನಿಮಾದಲ್ಲೂ ಸ್ವಿಚ್ ಆಫ್ ಆದದ್ದಿಲ್ಲ. ಹೋಗಿ ಭೇಟಿಯಾಗಿ, ನಿಮ್ಮ ಮ್ಯಾನೇಜರನ್ನು ಮನೆಯಲ್ಲೇ ಬಿಟ್ಟು ಹೋಗಿ. ಬೈಕು ಅವನು ಓಡಿಸಲಿ, ಹಿಂದೆ ನೀವು ಕೂತುಕೊಳ್ಳಿ. ದೋಸೆಯ ಬಿಲ್ಲನ್ನೂ ನೀವೇ ಕೊಡಿ, ಅವನಿಗೆ ರಿಮೈಂಡರ್ ಕಳಿಸಬೇಡಿ.