ಕಪ್ಪು ಐದರ ಭಜನಿ

ಭೀಮಸೇನ ಜೋಶಿಯವರು ಗುರು ಸವಾಯಿ ಗಂಧರ್ವರ ಮನೆಗೆ ನೀರು ಹೊತ್ತು ಸಂಗೀತ ಕಲಿತ ಊರು ಕುಂದಗೋಳ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಬಂದು ಕಲಿತದ್ದೂ ಅಲ್ಲೇ. ಅದರ ಪಕ್ಕದ ಹಳ್ಳಿಯವನಾದ ನಾನು ಸಂಗೀತಕ್ಕಾಗಿ ಹೊತ್ತದ್ದು ಒಂದು ಪ್ರೊಜೆಕ್ಟರು. ಅದೂ ಬಾಡಿಗೆಯದು.

ತಲೆಯಲ್ಲಿ ಹುಳ ಬಿಟ್ಟವನು ಡ್ಯಾರೆನ್ ಸಾಲಮನ್ ಎಂಬ ಸಂಗೀತಗಾರ. 2009ರಲ್ಲಿ ಆತ ‘ಇನ್ ಬಿ ಫ್ಲ್ಯಾಟ್’ ಅಂತ ಒಂದು ಆಟ ಹೂಡಿದ. ಯಾರ್ಯಾರೋ ತಂತಮ್ಮ ಮನೆಯಲ್ಲಿ ನುಡಿಸಿ ಕಳಿಸಿದ 20 ಯೂಟ್ಯೂಬ್ ವಿಡಿಯೋಗಳು ಒಂದೇ ಪರದೆಯಲ್ಲಿ. ಯಾವುದನ್ನಾದರೂ ಒತ್ತಿ, ಎಷ್ಟನ್ನಾದರೂ ಒಟ್ಟಿಗೆ ಒತ್ತಿ, ಕಿವಿಗೆ ಹಿತವೇ. (ನಿಜಕ್ಕೂ ಹಿತ. ರಾತ್ರಿ ಊಟ ಮರೆತು ಒತ್ತುತ್ತಾ ಕೂತಿದ್ದೆ.) ಗುಟ್ಟೇನೆಂದರೆ, ಎಲ್ಲರದೂ ಒಂದೇ ಶ್ರುತಿ, ಬಿ ಫ್ಲ್ಯಾಟ್. ನಮ್ಮ ಪೇಟಿ ಮಾಸ್ತರರ ಲೆಕ್ಕದಲ್ಲಿ ಕಪ್ಪು ಐದು. ತಾಳ ಕೂಡದು. ಸಾಲಿಗೂ ಸಾಲಿಗೂ ನಡುವೆ ಬೇಕಾದಷ್ಟು ಮೌನ. ಗದ್ದಲವಿಲ್ಲದ ಜಾಗ, ಸಣ್ಣ ದನಿ.

ನಮ್ಮೂರಲ್ಲೂ ಅಂಥದೊಂದು ಆಟ ಹೂಡೋಣವೆಂದು, ವಿಡಿಯೋ ಮಾಡಿ ಕಳಿಸಿರೆಂದು ಈ ಕರಾರುಗಳನ್ನು ಊರ ಭಜನಾ ಮೇಳದ ಮುಂದೆ ಓದಿದೆ.

“ತಾಳ ಇಲ್ಲದ್ದು ಎಂಥಾ ಭಜನಿಯೋ ತಮ್ಮಾ?” ಎಂದರು ತಾಳ ಹಾಕುವ ಕಾಕಾ.

“ನಡುನಡುವ ಸುಮ್ನಿರಬೇಕಂತ! ನಾವು ಸುಮ್ನಾದ್ರ, ಮಂಗಳಾರತಿ ಆತಂತ ಮಂದಿ ಎದ್ದ ಹೊಕ್ಕಾರ,” ಎಂದರು ಮಾಸ್ತರರು.

ಆದರೂ ವಿಡಿಯೋಗಳು ಬಂದವು. ಸಣ್ಣ ದನಿಯ ಮಾತು ಯಾರ ಕಿವಿಗೂ ಬಿದ್ದಿರಲಿಲ್ಲ. ಕಾಕಾ ದನದ ಕೊಟ್ಟಿಗೆಯಲ್ಲಿ ಕೂತು ಹಾಡಿದ್ದರು. ಪ್ರತಿ ಸಾಲಿನ ಕೊನೆಗೆ ಎಮ್ಮೆಯ ಸಾಥ್ ಇತ್ತು. ಅವರ ಅಳಿಯ ಜಗ್ಗಲಗಿ ಬಾರಿಸಿದ್ದ, ಹೋಳಿಹುಣ್ಣಿಮೆ ನಾಳೆಯೇ ಎಂಬ ಉಮೇದಿನಲ್ಲಿ. ಮಾಸ್ತರರ ಪೇಟಿ ಕಪ್ಪು ಒಂದರಲ್ಲಿತ್ತು. ಕೇಳಿದರೆ, “ಕಪ್ಪು ಅಂದಿದ್ದಿ. ಇದೂ ಕಪ್ಪ ಐತಲ್ಲೋ?”

ಶ್ರಾವಣ ಸೋಮವಾರ ಗುಡಿಯ ಗೋಡೆಯ ಮೇಲೆ ಪ್ರದರ್ಶನ. ಒಂದೊಂದಾಗಿ ಒತ್ತಿರೆಂದು ಮೌಸನ್ನು ಹುಡುಗರ ಕೈಗೆ ಕೊಟ್ಟೆ. ಅವರು ಎಲ್ಲವನ್ನೂ ಒತ್ತಿದರು. ಗುಡಿಯ ಪಾರಿವಾಳಗಳೆಲ್ಲ ಒಮ್ಮೆಲೇ ಹಾರಿದವು. ಮಕ್ಕಳಿಗೆ ಮಾತ್ರ ಭಾರೀ ಖುಷಿ. “ಎಮ್ಮಿ ಯಾವ ಡಬ್ಬ್ಯಾಗ ಐತಿ?” ಅಂತ ಹುಡುಕಾಟವೇ ಶುರುವಾಯಿತು. ಸಾಲಮನ್ನನಿಗೂ ಹೊಳೆಯದ ಆಟ.

ಕರಾರು ಪಾಲಿಸಿದವನು ನಾನೊಬ್ಬನೇ. ತಂಬೂರಿಯ ಶ್ರುತಿ, ತುಸು ಆಲಾಪ, ಬಳಿಕ ದೀರ್ಘ ಮೌನ. ಕಣ್ಣು ಮುಚ್ಚಿದ ನಾನು ಗೋಡೆಯ ಮೇಲೆ ಮಿಸುಕಾಡದೆ ಕೂತಿದ್ದೆ.

“ಆ ಮೂಲ್ಯಾಗಿಂದು ಹ್ಯಾಂಗ್ ಆಗೇತಿ ನೋಡ್ರಿ!” ಹಿಂದಿನಿಂದ ಯಾರೋ ಕೂಗಿದರು.

ಕಾಕಾಗೆ ಕರುಳು ಚುರುಕ್ಕೆಂದಿರಬೇಕು. ಮೌಸ್ ಕಸಿದುಕೊಂಡು ನನ್ನನ್ನು ಒತ್ತಿದರು. ಗೋಡೆಯ ಮೇಲಿನ ನಾನು ಮುಂದಿನ ಆಲಾಪಕ್ಕೆ ಆಗಷ್ಟೇ ಬಾಯಿ ತೆಗೆದಿದ್ದೆ. ವಿಡಿಯೋ ಅಲ್ಲೇ ನಿಂತಿತು. ಮೇಳದವರು ಇನ್ನು ತಡೆಯಲಾರದೆ ಪೇಟಿ, ತಾಳ ತೆಗೆದು ಖುದ್ದು ಶುರುಮಾಡಿದ್ದರಿಂದ ನನ್ನನ್ನು ಬಿಡಿಸುವ ಪುರಸೊತ್ತು ಯಾರಿಗೂ ಇರಲಿಲ್ಲ.

ಪ್ರಸಾದದ ಪರಾತ ಹಿಡಿದು ಬಂದ ಹುಡುಗಿಗೆ ಆಯಿಯೊಬ್ಬರು ಗೋಡೆ ತೋರಿಸಿದರು: “ಮೊದಲ ಅವಂಗ ಕೊಡವಾ. ಆಗಿಂದ ಬಾಯಿ ತಕ್ಕೊಂಡ ಕುಂತಾನ.”